ಹಳೆಯ ಟರ್ಮಿನಲ್ ತಂತ್ರಾಂಶಗಳನ್ನು ಹೋಲಿಸಿ ನೋಡುವ ಕ್ರಮ

ವೈಯಕ್ತಿಕ ಗಣಕಗಳ ಮೊದಲ ದಶಕದಲ್ಲಿ ದೂರದ ಗಣಕಕ್ಕೆ ಸಂಪರ್ಕ ಪಡೆಯಲು ಬಳಕೆಯಾದ ಟರ್ಮಿನಲ್ ತಂತ್ರಾಂಶಗಳನ್ನು ಇಂದು ಅಕ್ಕಪಕ್ಕ ಇಟ್ಟು ನೋಡಿದರೆ ಅವುಗಳ ನಡುವೆ ಹೆಚ್ಚಿನ ಭೇದ ಕಾಣುವುದಿಲ್ಲ. ಎಲ್ಲದರಲ್ಲಿಯೂ ಕಪ್ಪು ಪರದೆ, ಕೆಳತುದಿಯಲ್ಲಿ ಸ್ಥಿತಿಯನ್ನು ತೋರಿಸುವ ಒಂದು ಸಾಲು, ಫೋನ್ ಸಂಖ್ಯೆಗಳ ಪಟ್ಟಿ, ಕಡತ ಕಳುಹಿಸಲು ಒಂದು ಕೀಲಿ, ತರಿಸಿಕೊಳ್ಳಲು ಇನ್ನೊಂದು ಕೀಲಿ. ಸೌಲಭ್ಯಗಳ ಪಟ್ಟಿ ಮಾಡಿ ಗುರುತು ಹಾಕುತ್ತಾ ಹೋಗುವ ಹೋಲಿಕೆಗಳಿಂದ ಹೆಚ್ಚಿನ ಪ್ರಯೋಜನವಾಗದಿರುವುದು ಇದೇ ಕಾರಣಕ್ಕೆ. ತಂತಿ ಚೆನ್ನಾಗಿದ್ದಾಗ ಇವೆಲ್ಲವೂ ಸರಿಯಾಗಿಯೇ ಕೆಲಸ ಮಾಡುತ್ತವೆ. ತಂತಿಯಲ್ಲಿ ಗದ್ದಲ ಸೇರಿಕೊಂಡಾಗ, ಎಂಟು ಬಿಟ್‌ಗಳ ಬೈಟ್‌ನಲ್ಲಿ ಎಂಟನೆಯ ಬಿಟ್ ಆಚೆ ಬದಿಗೆ ತಲುಪದಿದ್ದಾಗ, ಉತ್ತರ ಬರಲು ಅರ್ಧ ಸೆಕೆಂಡು ಹಿಡಿದಾಗ ಮಾತ್ರ ಒಂದೊಂದರ ಗುಣ ಬೇರೆಯಾಗಿ ಗೋಚರಿಸುತ್ತದೆ. ಆದ್ದರಿಂದ ಹೋಲಿಕೆಯನ್ನು ತಂತ್ರಾಂಶದ ಮೆನುಗಳಿಂದಲ್ಲ, ಸಂಪರ್ಕದ ಮಾರ್ಗದಿಂದ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದೆ ವಿವರಿಸುವ ಕ್ರಮವೆಲ್ಲವೂ ಅದನ್ನೇ ಅನುಸರಿಸುತ್ತದೆ.

ಯಾವುದನ್ನು ಆರಿಸಿಕೊಳ್ಳಬೇಕು

ಎಲ್ಲವನ್ನೂ ಪರೀಕ್ಷಿಸುವ ಅಗತ್ಯವಿಲ್ಲ. ಬೇರೆಬೇರೆ ಉದ್ದೇಶದಿಂದ ಹುಟ್ಟಿದ ನಾಲ್ಕೈದನ್ನು ಆರಿಸಿಕೊಂಡರೆ ಸಾಕು. 1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಐಬಿಎಂ ಪಿಸಿಗಾಗಿ ಬೇಸಿಕ್ ಭಾಷೆಯಲ್ಲಿ ಬರೆದ ಪಿಸಿ-ಟಾಕ್, ಉಚಿತವಾಗಿ ಹಂಚಿ ಇಷ್ಟಪಟ್ಟವರಿಂದ ಮಾತ್ರ ಹಣ ಕೇಳುವ ಪದ್ಧತಿಗೆ ದಾರಿ ತೋರಿದ ತಂತ್ರಾಂಶ. ಬೇಸಿಕ್‌ನ ನಿಧಾನ ಗತಿಯ ಮಿತಿ ಅದಕ್ಕಿತ್ತು. 1984ರಲ್ಲಿ ಜಾನ್ ಫ್ರೀಲ್ ಟರ್ಬೊ ಪ್ಯಾಸ್ಕಲ್‌ನಲ್ಲಿ ರೂಪಿಸಿದ ಕ್ಯೂಮೋಡೆಮ್ ಆ ಮಿತಿಯನ್ನು ದಾಟಿತು. 1985ರಲ್ಲಿ ಡೇಟಾಸ್ಟಾರ್ಮ್ ಸಂಸ್ಥೆಯ ಪ್ರೊಕಾಮ್ ಬಂದಿತು. ಹೊಸಬರಿಗೆ ಬೇಗ ಒಗ್ಗುವ ಮೆನುಗಳಿಂದಾಗಿ ಅದು ಬಹಳ ಬೇಗ ಹರಡಿತು. 1986ರಲ್ಲಿ ಕೆನಡಾದ ಕಾಲಿನ್ ಸಂಪಾಲಿಯಾನು ಬರೆದ ಟೆಲಿಕ್ಸ್, ಚಿಕ್ಕದಾಗಿಯೂ ಚುರುಕಾಗಿಯೂ ಇದ್ದ ಕಾರಣ ಬುಲೆಟಿನ್ ಬೋರ್ಡ್ (ಫೋನ್ ಮೂಲಕ ಸೇರಿ ಸಂದೇಶ, ಕಡತ ಹಂಚಿಕೊಳ್ಳುವ ಗಣಕ) ಬಳಕೆದಾರರ ಮೆಚ್ಚುಗೆ ಪಡೆಯಿತು.

ಇವೆಲ್ಲಕ್ಕಿಂತ ಭಿನ್ನವಾದ ವಂಶ ಕರ್ಮಿಟ್‌ನದು; ಕಡತ ಸಾಗಣೆಯ ನಿಯಮಾವಳಿಗೂ ಅದನ್ನು ಬಳಸುವ ತಂತ್ರಾಂಶಗಳಿಗೂ ಅದೇ ಹೆಸರು. 1981ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಅದನ್ನು ಆರಂಭಿಸಿದ್ದು ವಿದ್ಯಾರ್ಥಿಗಳ ಕಡತಗಳನ್ನು ದೊಡ್ಡ ಗಣಕದಿಂದ ಫ್ಲಾಪಿಗೆ ಇಳಿಸಿಕೊಡುವುದಕ್ಕಾಗಿ. ಆ ಗಣಕಗಳು ಒಂದೇ ತಯಾರಕರವಾಗಿರಲಿಲ್ಲ. ಕೆಲವು ಏಳೇ ಬಿಟ್‌ಗಳನ್ನು ದಾಟಿಸುತ್ತಿದ್ದವು, ಕೆಲವು ನಿಯಂತ್ರಣ ಅಕ್ಷರಗಳನ್ನು (ಪರದೆಯಲ್ಲಿ ಮೂಡದೆ ಯಂತ್ರಕ್ಕೆ ಸೂಚನೆಯಾಗುವ ಅಕ್ಷರಗಳನ್ನು) ನುಂಗುತ್ತಿದ್ದವು, ಕೆಲವು ಉದ್ದ ಸಾಲುಗಳನ್ನು ತಡೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಎದುರಿನ ಯಂತ್ರದಿಂದ ಅತ್ಯಂತ ಕಡಿಮೆ ನಿರೀಕ್ಷೆ ಇಟ್ಟುಕೊಂಡು ವಿನ್ಯಾಸ ಮಾಡಲಾಯಿತು. ಆಗಿನ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್‌ಗಾಗಿ ಬಂದ ಎಂಎಸ್-ಡಾಸ್ ಕರ್ಮಿಟ್ ಈ ಹೋಲಿಕೆಯಲ್ಲಿ ಇರಲೇಬೇಕು. ಲಿನಕ್ಸ್ ಮತ್ತು ಯೂನಿಕ್ಸ್‌ಗಳ ಸಿ-ಕರ್ಮಿಟ್ 2011ರಿಂದ ಬಿಎಸ್‌ಡಿ ಪರವಾನಗಿಯಲ್ಲಿ ಮುಕ್ತವಾಗಿ ದೊರೆಯುತ್ತಿರುವುದರಿಂದ ಎದುರಿನ ತುದಿಯಲ್ಲಿಯೂ ಕರ್ಮಿಟ್ ಇಡುವುದು ಕಷ್ಟವಲ್ಲ.

ಸಲಕರಣೆಗಳ ಸಿದ್ಧತೆ

ನಿಜವಾದ ಸೀರಿಯಲ್ ಪೋರ್ಟ್ (ಬಿಟ್‌ಗಳನ್ನು ಒಂದೊಂದಾಗಿ ಕಳುಹಿಸುವ ಕಿಂಡಿ) ಇರುವ ಹಳೆಯ ಪಿಸಿ ಒಂದು, ಲಿನಕ್ಸ್ ಇರುವ ಇಂದಿನ ಗಣಕ ಒಂದು, ಅವುಗಳ ನಡುವೆ ನಲ್ ಮೋಡೆಮ್ ಕೇಬಲ್ (ಗಣಕವನ್ನು ಫೋನ್ ಸಾಲಿಗೆ ಸೇರಿಸುವ ಮೋಡೆಮ್ ಇಲ್ಲದೆಯೇ ಎರಡು ಗಣಕಗಳನ್ನು ಜೋಡಿಸುವ ಕೇಬಲ್) ಒಂದು ಇದ್ದರೆ ಪರೀಕ್ಷೆಗೆ ತಕ್ಕ ಏರ್ಪಾಡು ಆದಂತೆ. ಬೆಂಗಳೂರಿನವರು ಈ ಸಾಮಾನುಗಳಿಗಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗುವುದು ರೂಢಿ. ಅಲ್ಲಿ ಕೇಬಲ್ ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ: ಎರಡೂ ತುದಿಗೆ ಒಂಬತ್ತು ಪಿನ್ನಿನ ಕನೆಕ್ಟರ್ ಇದ್ದ ಮಾತ್ರಕ್ಕೆ ಅದು ನಲ್ ಮೋಡೆಮ್ ಕೇಬಲ್ ಆಗುವುದಿಲ್ಲ, ಪಿನ್‌ಗಳು ಅದಲುಬದಲಾಗದ ನೇರ ಕೇಬಲ್ ಸಹ ಹೊರನೋಟಕ್ಕೆ ಹಾಗೆಯೇ ಇರುತ್ತದೆ. ಮಲ್ಟಿಮೀಟರ್ ಹಿಡಿದು ಒಂದು ತುದಿಯ 2ನೆಯ ಪಿನ್ ಇನ್ನೊಂದು ತುದಿಯ 3ನೆಯದಕ್ಕೆ, 7ನೆಯದು 8ನೆಯದಕ್ಕೆ, 5ನೆಯದು 5ನೆಯದಕ್ಕೆ, 4ನೆಯದು ಎದುರಿನ 6 ಮತ್ತು 1ಕ್ಕೆ ಸೇರಿದೆಯೇ ಎಂದು ನೋಡಿಕೊಳ್ಳಬೇಕು. 7 ಮತ್ತು 8ರ ಜೋಡಣೆ ಇಲ್ಲದ ಮೂರು ತಂತಿಯ ಕೇಬಲ್‌ನಲ್ಲಿ ಯಂತ್ರಾಂಶದ ಹರಿವು ನಿಯಂತ್ರಣ (ಸಿದ್ಧವಿಲ್ಲದ ಬದಿ ಎದುರಿನದನ್ನು ತಂತಿಯ ಸಂಜ್ಞೆಯಿಂದ ತಡೆಯುವ ವ್ಯವಸ್ಥೆ) ಕೆಲಸ ಮಾಡುವುದಿಲ್ಲ. ಅದರ ಮೇಲೆ ನಡೆಸಿದ ವೇಗದ ಪರೀಕ್ಷೆ ತಂತ್ರಾಂಶದ ಗುಣವನ್ನಲ್ಲ, ಕೇಬಲ್‌ನ ಕೊರತೆಯನ್ನು ಅಳೆಯುತ್ತದೆ.

ಲಿನಕ್ಸ್ ಗಣಕದಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಪರಿವರ್ತಕ ಬಳಸಬಹುದು. ಆ ಪೋರ್ಟಿನ ಮೇಲೆ ಗೆಟ್ಟಿ ಸೇವೆಯನ್ನು ಆರಂಭಿಸಿದರೆ ಡಾಸ್ ಯಂತ್ರದ ಪರದೆಯಲ್ಲಿ ಲಾಗಿನ್ ಸಾಲು ಮೂಡುತ್ತದೆ. ಜೊತೆಗೆ ಕಡತ ಸಾಗಣೆಗೆ ಎಲ್‌ಆರ್‌ಝಡ್‌ಎಸ್‌ಝಡ್ ಮತ್ತು ಸಿ-ಕರ್ಮಿಟ್, ಪರದೆಯ ಪರೀಕ್ಷೆಗೆ ವಿಟಿಟೆಸ್ಟ್ ಎಂಬ ಮೂರು ತಂತ್ರಾಂಶಗಳನ್ನು ಸ್ಥಾಪಿಸಿಕೊಳ್ಳಬೇಕು. ಲಿನಕ್ಸ್ ಬದಿಯಲ್ಲಿ ಟರ್ಮಿನಲ್ ಬಗೆಯನ್ನು ವಿಟಿ100 ಎಂದೂ, ಭಾಷೆಯ ಹೊಂದಿಕೆಯನ್ನು (ಲೊಕೇಲ್) ಸರಳ ಸಿ ಎಂದೂ ಇಡುವುದು ಒಳ್ಳೆಯದು; ಇಲ್ಲದಿದ್ದರೆ ಇಂದಿನ ಯುನಿಕೋಡ್ ಪಠ್ಯದ ಸಂಕೇತವಾದ ಯುಟಿಎಫ್-8ರ ಗೆರೆಗಳೂ ಚಿಹ್ನೆಗಳೂ ಡಾಸ್ ಪರದೆಯನ್ನು ಕೆಡಿಸುತ್ತವೆ.

ಹಳೆಯ ಪಿಸಿ ಸಿಗದವರು ಇಂದಿನ ಗಣಕದಲ್ಲಿ ಡಾಸ್ ಪಿಸಿಯನ್ನು ಅನುಕರಿಸುವ ಡಾಸ್‌ಬಾಕ್ಸ್ ಬಳಸಬಹುದು. ಅದರ ಹೊಂದಿಕೆ ಕಡತದಲ್ಲಿ ಮೊದಲ ಸೀರಿಯಲ್ ಪೋರ್ಟನ್ನು ನಿಜವಾದ ಪೋರ್ಟಿಗೆ, ಜಾಲದ ಮೇಲಿನ ಕಾಲ್ಪನಿಕ ಮೋಡೆಮ್‌ಗೆ ಅಥವಾ ನಲ್ ಮೋಡೆಮ್‌ಗೆ ಜೋಡಿಸುವ ಅವಕಾಶವಿದೆ. ಪರದೆಯ ಪರೀಕ್ಷೆಗೂ ಸ್ಕ್ರಿಪ್ಟ್‌ಗಳ ಪರೀಕ್ಷೆಗೂ ಇದು ಧಾರಾಳವಾಗಿ ಸಾಕು. ಆದರೆ ಅನುಕರಣೆಯಲ್ಲಿ ಸಿಕ್ಕ ಸೆಕೆಂಡುಗಳ ಲೆಕ್ಕವನ್ನು ಐಬಿಎಂನ ಹಳೆಯ ಪಿಸಿಯಾದ ನಿಜವಾದ ಎಕ್ಸ್‌ಟಿ ಯಂತ್ರದ ಲೆಕ್ಕವೆಂದು ನಂಬಬಾರದು. ಒಂದೇ ಏರ್ಪಾಡಿನಲ್ಲಿ ಎರಡು ತಂತ್ರಾಂಶಗಳ ನಡುವಿನ ಅನುಪಾತವನ್ನಷ್ಟೇ ಅದರಿಂದ ಗ್ರಹಿಸಬೇಕು.

ನಿಜವಾದ ಯಂತ್ರದಲ್ಲಿ ಪರೀಕ್ಷಿಸುವವರು ಮೊದಲು ಸೀರಿಯಲ್ ಪೋರ್ಟಿನ ಚಿಪ್ ಯಾವುದೆಂದು ತಿಳಿದು ಬರೆದಿಟ್ಟುಕೊಳ್ಳಬೇಕು. ಮೊದಲ ಪಿಸಿಗಳಲ್ಲಿದ್ದ 8250 ಚಿಪ್ ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಕಾಯ್ದಿರಿಸುತ್ತದೆ; ಮುಂದಿನ ಅಕ್ಷರ ಪೂರ್ಣಗೊಳ್ಳುವ ಮೊದಲು ಪ್ರೊಸೆಸರ್ ಅದನ್ನು ಎತ್ತಿಕೊಳ್ಳದಿದ್ದರೆ ಅದು ಕಳೆದುಹೋಗುತ್ತದೆ. 9600 ಬಿಟ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರಗಳು ಬರುವುದರಿಂದ ಪ್ರತಿಯೊಂದಕ್ಕೂ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಸಮಯ ಮಾತ್ರ ದೊರೆಯುತ್ತದೆ. ನಂತರದ 16550ಎ ಚಿಪ್‌ನಲ್ಲಿ 16 ಅಕ್ಷರಗಳ ಸಾಲು ಇರುವ ಕಾರಣ ಈ ಒತ್ತಡ ಬಹುಮಟ್ಟಿಗೆ ಇಳಿಯುತ್ತದೆ. ಒಂದು ತಂತ್ರಾಂಶವನ್ನು 8250ರ ಮೇಲೆ, ಇನ್ನೊಂದನ್ನು 16550ಎ ಮೇಲೆ ಓಡಿಸಿ ಮಾಡಿದ ಹೋಲಿಕೆಗೆ ಅರ್ಥವಿಲ್ಲ.

ಪರದೆಯ ಪರೀಕ್ಷೆ

ಬಹುಪಾಲು ತಂತ್ರಾಂಶಗಳು ತಾವು ವಿಟಿ100 ಟರ್ಮಿನಲ್ ಅನ್ನು ಅನುಕರಿಸುವುದಾಗಿ ಹೇಳಿಕೊಳ್ಳುತ್ತವೆ. ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆ 1978ರಲ್ಲಿ ಹೊರತಂದ ಈ ಟರ್ಮಿನಲ್‌ನ ಎಲ್ಲ ವರ್ತನೆಗಳೂ ಪಿಸಿಯ ಪರದೆಯಲ್ಲಿ ಸಾಧ್ಯವಾಗುವುದಿಲ್ಲ. ದುಪ್ಪಟ್ಟು ಅಗಲದ ಅಕ್ಷರಗಳು ಪಿಸಿಯ ಪಠ್ಯ ವಿಧಾನದಲ್ಲಿ ಸರಿಯಾಗಿ ಮೂಡುವುದಿಲ್ಲ, ಮತ್ತು ಅದನ್ನು ದೋಷವೆಂದು ಎಣಿಸುವುದು ನ್ಯಾಯವಲ್ಲ. ನೋಡಬೇಕಾದದ್ದು ಪರದೆಯ ಒಂದು ಭಾಗವನ್ನಷ್ಟೇ ಸುರುಳಿಯಂತೆ ಸರಿಸುವ ಆಜ್ಞೆ ಸರಿಯಾಗಿ ನಡೆಯುತ್ತದೆಯೇ, 80ನೆಯ ಅಂಕಣದಲ್ಲಿ ಅಕ್ಷರ ಬಿದ್ದಾಗ ಸಾಲು ಎಲ್ಲಿ ಮುರಿಯುತ್ತದೆ, ಗೆರೆ ಎಳೆಯುವ ಅಕ್ಷರಗಳು ಗೆರೆಗಳಾಗಿಯೇ ಕಾಣುತ್ತವೆಯೇ ಎಂಬುದನ್ನು. ವಿಟಿಟೆಸ್ಟ್ ಇವೆಲ್ಲವನ್ನೂ ಕ್ರಮವಾಗಿ ತೋರಿಸುತ್ತದೆ. ಅದರ ನಂತರ ಯೂನಿಕ್ಸ್‌ನ ವಿಐ ಪಠ್ಯ ಸಂಪಾದಕದಲ್ಲಿ ಉದ್ದ ಕಡತವೊಂದನ್ನು ತೆರೆದು ನಡುವೆ ಸಾಲುಗಳನ್ನು ಸೇರಿಸಿ, ಅಳಿಸಿ, ಮೇಲೆ ಕೆಳಗೆ ಓಡಾಡಿದರೆ ದಿನಬಳಕೆಯಲ್ಲಿ ಎದುರಾಗುವ ತಪ್ಪುಗಳು ತಾವಾಗಿಯೇ ಹೊರಬರುತ್ತವೆ.

ವಿಟಿ100 ಪರದೆಯಲ್ಲಿ 24 ಸಾಲುಗಳು, ಪಿಸಿಯಲ್ಲಿ 25. ಉಳಿದ ಒಂದು ಸಾಲನ್ನು ಸ್ಥಿತಿಸೂಚಿಗೆ ಬಿಟ್ಟು 24ನ್ನು ಮಾತ್ರ ಟರ್ಮಿನಲ್‌ಗೆ ಕೊಡುವ ತಂತ್ರಾಂಶ ಯೂನಿಕ್ಸ್ ಕೆಲಸಕ್ಕೆ ಸರಿಹೊಂದುತ್ತದೆ. ಬಣ್ಣಗಳ ಬುಲೆಟಿನ್ ಬೋರ್ಡ್‌ಗಳಿಗಾಗಿ ರೂಪಿಸಿದ ಆನ್ಸಿ ವಿಧಾನದಲ್ಲಿಯೇ ಎಲ್ಲವನ್ನೂ ನಡೆಸಲು ಯತ್ನಿಸಿದರೆ ವಿಐ ಸಂಪಾದಕದಲ್ಲಿ ತೊಡಕಾಗುತ್ತದೆ. ಈ ವಿಭಾಗದಲ್ಲಿ ಎಂಎಸ್-ಡಾಸ್ ಕರ್ಮಿಟ್‌ನ 3ನೆಯ ಸರಣಿ ಉಳಿದವುಗಳಿಗಿಂತ ಸ್ಪಷ್ಟವಾಗಿ ಮುಂದಿದೆ: ವಿಟಿ320ರವರೆಗಿನ ಅನುಕರಣೆಯೂ ಟೆಕ್ಟ್ರಾನಿಕ್ಸ್ ಗ್ರಾಫಿಕ್ಸ್ ಟರ್ಮಿನಲ್‌ನ ಚಿತ್ರಣವೂ ಅದರಲ್ಲಿವೆ. ಬಣ್ಣದ ಬುಲೆಟಿನ್ ಬೋರ್ಡ್ ಪರದೆಗಳಿಗೆ ಟೆಲಿಕ್ಸ್ ಮತ್ತು ಕ್ಯೂಮೋಡೆಮ್ ಹೆಚ್ಚು ಹಿತ.

ಕನ್ನಡದ ಮಾತು ಇಲ್ಲಿ ಬರಲೇಬೇಕು. ಯುಟಿಎಫ್-8ರಲ್ಲಿ ಬರೆದ ಕನ್ನಡ ಕಡತವನ್ನು ಈ ಯಾವ ತಂತ್ರಾಂಶದ ಪರದೆಯ ಮೇಲೆ ತಂದರೂ 'ಕ' ಅಕ್ಷರದ ಮೂರು ಬೈಟ್‌ಗಳು ಗ್ರೀಕ್ ಆಲ್ಫಾ, ಚುಕ್ಕೆಗಳು ಒತ್ತಾಗಿ ತುಂಬಿದ ಚೌಕ, ತಲೆಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ಓ ಎಂಬ ಮೂರು ಸಂಬಂಧವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಇದು ಬೈಟ್‌ಗಳನ್ನು ಚಿಹ್ನೆಗಳಿಗೆ ಹೊಂದಿಸುವ ಪಟ್ಟಿಯಾದ ಡಾಸ್‌ನ 437ನೆಯ ಸಂಕೇತಪುಟದ ಫಲವೇ ಹೊರತು ತಂತ್ರಾಂಶದ ತಪ್ಪಲ್ಲ. ಪರದೆಯಲ್ಲಿ ಕನ್ನಡವನ್ನು ನಿರೀಕ್ಷಿಸುವಂತಿಲ್ಲ. ಆದರೆ ಕನ್ನಡದ ಕಡತ ಒಂದು ಬೈಟೂ ಕೆಡದೆ ಆಚೆ ತಲುಪಬೇಕೆಂದು ನಿರೀಕ್ಷಿಸಲೇಬೇಕು, ಮತ್ತು ಆ ಪರೀಕ್ಷೆಯಲ್ಲಿಯೇ ಈ ತಂತ್ರಾಂಶಗಳ ಅತಿ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ.

ಕಡತ ಸಾಗಣೆಯ ಪರೀಕ್ಷೆ

ಪರೀಕ್ಷೆಗೆ ಮೂರು ಕಡತಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಮೊದಲನೆಯದು ಸರಿಯಾಗಿ 1,00,000 ಬೈಟ್‌ಗಳ ಇಂಗ್ಲಿಷ್ ಪಠ್ಯ. ಎರಡನೆಯದು 0ಯಿಂದ 255ರವರೆಗಿನ ಎಲ್ಲ ಬೈಟ್ ಮೌಲ್ಯಗಳೂ ಇರುವ ಅಷ್ಟೇ ಗಾತ್ರದ ಕಡತ. ಮೂರನೆಯದು ಅಷ್ಟೇ ಗಾತ್ರದ ಕನ್ನಡ ಪಠ್ಯ. ಪ್ರತಿಯೊಂದರ ಚೆಕ್‌ಸಮ್ (ಕಡತದ ಬೈಟ್‌ಗಳಿಂದ ಲೆಕ್ಕಹಾಕಿದ ಪರಿಶೀಲನಾ ಸಂಖ್ಯೆ) ಬರೆದಿಟ್ಟುಕೊಂಡು, ಸಾಗಣೆಯ ನಂತರ ಮತ್ತೆ ತೆಗೆದು ಹೋಲಿಸಬೇಕು. "ಸಾಗಣೆ ಯಶಸ್ವಿ" ಎಂದು ಪರದೆ ಹೇಳಿದ್ದನ್ನು ಮಾತ್ರ ನಂಬುವುದು ಸಾಲದು.

ಮೊದಲು ಎಕ್ಸ್‌ಮೋಡೆಮ್‌ನಿಂದ ಆರಂಭಿಸುವುದು ಸೂಕ್ತ, ಏಕೆಂದರೆ 1977ರಲ್ಲಿ ವಾರ್ಡ್ ಕ್ರಿಸ್ಟೆನ್‌ಸೆನ್ ರೂಪಿಸಿದ ಈ ಕಡತ ಸಾಗಣೆಯ ನಿಯಮಾವಳಿ ಹೆಚ್ಚುಕಡಿಮೆ ಎಲ್ಲ ತಂತ್ರಾಂಶಗಳಲ್ಲಿಯೂ ಸಿಗುತ್ತದೆ. ಕಡತವನ್ನು 128 ಬೈಟ್‌ಗಳ ತುಂಡುಗಳಾಗಿ ಕಳುಹಿಸಿ, ಪ್ರತಿ ತುಂಡಿಗೂ ಎದುರಿನಿಂದ ಒಪ್ಪಿಗೆ ಬರುವವರೆಗೆ ಅದು ಕಾಯುತ್ತದೆ. ಕೊನೆಯ ತುಂಡು ತುಂಬದಿದ್ದರೆ ಉಳಿದ ಜಾಗಕ್ಕೆ ಭರ್ತಿ ಬೈಟ್‌ಗಳನ್ನು ಹಾಕುತ್ತದೆ. ಹೀಗಾಗಿ 1,00,000 ಬೈಟ್‌ಗಳ ಕಡತ 782 ತುಂಡುಗಳಾಗಿ ಆಚೆ ತಲುಪಿದಾಗ 1,00,096 ಬೈಟ್ ಆಗಿರುತ್ತದೆ, ಚೆಕ್‌ಸಮ್ ಹೊಂದುವುದಿಲ್ಲ. ಇದನ್ನು ತಿಳಿಯದವರು ತಂತ್ರಾಂಶ ಕಡತವನ್ನು ಕೆಡಿಸಿತೆಂದು ತೀರ್ಮಾನಿಸುವ ಅಪಾಯವಿದೆ. ಎಕ್ಸ್‌ಮೋಡೆಮ್ ಪರೀಕ್ಷೆಯಲ್ಲಿ ಮೊದಲ 1,00,000 ಬೈಟ್‌ಗಳನ್ನು ಮಾತ್ರ ಕತ್ತರಿಸಿ ಹೋಲಿಸಬೇಕು. ಕಡತದ ಹೆಸರನ್ನೂ ಗಾತ್ರವನ್ನೂ ಮೊದಲೇ ತಿಳಿಸುವ ವೈಮೋಡೆಮ್‌ನಲ್ಲಿ ಈ ತೊಂದರೆ ಇಲ್ಲ.

ಈಗ ಕಾಲದ ಲೆಕ್ಕ. 2400 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳಂತೆ ಸೆಕೆಂಡಿಗೆ 240 ಬೈಟ್‌ಗಳು ಸಾಗುತ್ತವೆ. ಅಂದರೆ ಯಾವ ಹೊರೆಯೂ ಇಲ್ಲದಿದ್ದರೆ ನಮ್ಮ ಕಡತಕ್ಕೆ ಏಳು ನಿಮಿಷ ಸಾಕು. ಚಿಕ್ಕ ಕೇಬಲ್‌ನ ಮೇಲೆ ಎಕ್ಸ್‌ಮೋಡೆಮ್ ಇದಕ್ಕೆ ಬಹಳ ಹತ್ತಿರ ಬರುತ್ತದೆ. ಆದರೆ ಮಾರ್ಗ ಉಪಗ್ರಹದ ಮೂಲಕ ಹಾದುಹೋದರೆ ಪರಿಸ್ಥಿತಿ ಬದಲಾಗುತ್ತದೆ. ಬೆಂಗಳೂರಿಗೆ ಇದು ದೂರದ ವಿಷಯವಲ್ಲ: 1985ರಲ್ಲಿ ಇಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹೊರದೇಶದೊಡನೆ ದತ್ತಾಂಶ ವಿನಿಮಯ ಮಾಡಿದ್ದು ಉಪಗ್ರಹ ಸಂಪರ್ಕದಿಂದಲೇ. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಒಂದು ತುಂಡು ಹೋಗಿ ಅದರ ಒಪ್ಪಿಗೆ ಮರಳಿ ಬರಲು ಹೆಚ್ಚುವರಿಯಾಗಿ ಅರ್ಧ ಸೆಕೆಂಡಿನಷ್ಟು ಹಿಡಿಯುತ್ತದೆ. 782 ತುಂಡುಗಳಿಗೆ ಅಷ್ಟು ಬಾರಿ ಅರ್ಧ ಸೆಕೆಂಡು ಕಾದರೆ ಏಳು ನಿಮಿಷದ ಕೆಲಸಕ್ಕೆ ಸುಮಾರು ಹದಿನಾಲ್ಕು ನಿಮಿಷ ಬೇಕಾಗುತ್ತದೆ. ತಂತಿ ಅರ್ಧ ಕಾಲ ಸುಮ್ಮನೆ ಬಿದ್ದಿರುತ್ತದೆ.

ಈ ವಿಳಂಬವನ್ನು ಮನೆಯಲ್ಲಿಯೇ ತರಬಹುದು. ಡಾಸ್‌ಬಾಕ್ಸ್‌ನ ಮೋಡೆಮ್ ಜಾಲದ ಮೂಲಕ ಲಿನಕ್ಸ್‌ಗೆ ಸೇರಿರುವಾಗ, ಲಿನಕ್ಸ್‌ನ ನೆಟ್‌ಎಮ್ ಸೌಲಭ್ಯದಿಂದ ಪ್ರತಿ ದಿಕ್ಕಿಗೂ 250 ಮಿಲಿಸೆಕೆಂಡು ವಿಳಂಬ ಸೇರಿಸಿದರೆ ಸಾಕು. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ರೂಪಿಸಿದ ಝಡ್‌ಮೋಡೆಮ್ ಈ ಸ್ಥಿತಿಯಲ್ಲಿ ಬಹುತೇಕ ಪೂರ್ಣ ವೇಗವನ್ನು ಉಳಿಸಿಕೊಳ್ಳುತ್ತದೆ, ಏಕೆಂದರೆ ಅದು ಪ್ರತಿ ತುಂಡಿಗೂ ಒಪ್ಪಿಗೆಗಾಗಿ ನಿಲ್ಲದೆ ನಿರಂತರವಾಗಿ ಕಳುಹಿಸುತ್ತಾ ಹೋಗಿ, ತಪ್ಪು ವರದಿಯಾದಾಗ ಮಾತ್ರ ಆ ಸ್ಥಾನಕ್ಕೆ ಹಿಂದಿರುಗುತ್ತದೆ. ಟೆಲಿಕ್ಸ್‌ನ ಪರವಾಗಿ ಹೇಳುವ ಮಾತುಗಳಲ್ಲಿ ಬಹುಪಾಲು ಅದರ ಝಡ್‌ಮೋಡೆಮ್‌ನ ಪರವಾದ ಮಾತುಗಳೇ. ಪ್ರೊಕಾಮ್‌ನ ಮೊದಲ ಆವೃತ್ತಿ ಝಡ್‌ಮೋಡೆಮ್ ಹುಟ್ಟುವ ಮೊದಲೇ ಬಂದದ್ದು. ಆದ್ದರಿಂದ ಹೋಲಿಸುವಾಗ ಎರಡೂ ತಂತ್ರಾಂಶಗಳ ಆವೃತ್ತಿ ಸಂಖ್ಯೆಯನ್ನು ಬರೆಯದೆ ಫಲಿತಾಂಶ ಬರೆಯಬಾರದು.

ಕರ್ಮಿಟ್ ನಿಧಾನವೇ?

ಕರ್ಮಿಟ್ ನಿಧಾನ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಅರ್ಧ ಸತ್ಯ, ಮತ್ತು ಈ ಅನ್ಯಾಯವನ್ನು ಸರಿಪಡಿಸುವುದು ಯಾವುದೇ ಹೋಲಿಕೆಯ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಮೂಲ ಕರ್ಮಿಟ್‌ನ ಪ್ಯಾಕೆಟ್ (ಒಮ್ಮೆಗೆ ಕಳುಹಿಸುವ ತುಂಡು) 94 ಅಕ್ಷರಗಳಿಗೆ ಸೀಮಿತವಾಗಿತ್ತು, ಅದೂ ಒಂದೊಂದಕ್ಕೂ ಒಪ್ಪಿಗೆ ಕಾಯುತ್ತಿತ್ತು. ಈ ಹೊಂದಿಕೆಯಲ್ಲಿ ಅದನ್ನು ಝಡ್‌ಮೋಡೆಮ್‌ನೊಡನೆ ಓಡಿಸಿದರೆ ಸೋಲು ಖಚಿತ. ಆದರೆ ಸಾವಿರಾರು ಅಕ್ಷರಗಳ ಉದ್ದ ಪ್ಯಾಕೆಟ್‌ಗಳೂ, ಒಪ್ಪಿಗೆ ಬರುವ ಮೊದಲೇ 31 ಪ್ಯಾಕೆಟ್‌ಗಳವರೆಗೆ ಮುಂದೆ ಕಳುಹಿಸುವ ಜಾರು ಕಿಟಕಿಯೂ ನಂತರ ಸೇರಿದವು. ಎಂಎಸ್-ಡಾಸ್ ಕರ್ಮಿಟ್‌ನಲ್ಲಿ ಪಡೆಯುವ ಪ್ಯಾಕೆಟ್‌ನ ಉದ್ದವನ್ನು 1000ಕ್ಕೆ, ಕಿಟಕಿಯನ್ನು 4ಕ್ಕೆ ಏರಿಸಿ ಮತ್ತೆ ಅದೇ ಪರೀಕ್ಷೆ ಮಾಡಿದರೆ ಉಪಗ್ರಹದಂಥ ವಿಳಂಬದಲ್ಲಿಯೂ ಅದು ಎಕ್ಸ್‌ಮೋಡೆಮ್ ಅನ್ನು ಬಹಳ ಹಿಂದೆ ಹಾಕುತ್ತದೆ. ಮರೆಯಬಾರದ ಸಂಗತಿಯೆಂದರೆ, ಈ ಎರಡು ಹೊಂದಿಕೆಗಳನ್ನು ಎರಡೂ ತುದಿಗಳು ಒಪ್ಪಬೇಕು. ಪ್ರೊಕಾಮ್‌ನಂಥ ತಂತ್ರಾಂಶಗಳ ಮೆನುವಿನಲ್ಲಿ ಕಾಣುವ 'ಕರ್ಮಿಟ್' ಅನೇಕ ವೇಳೆ ಮೂಲ ನಿಯಮಾವಳಿ ಮಾತ್ರ ಆಗಿರುತ್ತದೆ. ಅದರ ವೇಗವನ್ನು ನೋಡಿ ಎಂಎಸ್-ಡಾಸ್ ಕರ್ಮಿಟ್‌ನ ಬಗ್ಗೆ ತೀರ್ಪು ಕೊಡುವುದು ತಪ್ಪು. ಜೊತೆಗೆ, ಸಾಗಣೆಯ ಬಗೆಯನ್ನು ಬೈನರಿ ಎಂದು ಇಡಬೇಕು. ಪಠ್ಯದ ಬಗೆಯಲ್ಲಿ ಕರ್ಮಿಟ್ ಸಾಲಿನ ಅಂತ್ಯಗಳನ್ನು ಎದುರಿನ ಯಂತ್ರದ ಪದ್ಧತಿಗೆ ಬದಲಿಸುವುದರಿಂದ ಚೆಕ್‌ಸಮ್ ಬೇರೆಯಾಗುತ್ತದೆ.

ಈಗ ಲಿನಕ್ಸ್ ಪೋರ್ಟನ್ನು ಏಳು ಬಿಟ್, ಸಮ ಪ್ಯಾರಿಟಿಗೆ (ಎಂಟನೆಯ ಬಿಟ್ ತಪ್ಪಿನ ಪತ್ತೆಗೆ ಮೀಸಲು) ಬದಲಿಸಿ ಎರಡನೆಯ ಮತ್ತು ಮೂರನೆಯ ಕಡತಗಳನ್ನು ಕಳುಹಿಸಿ ನೋಡಬೇಕು. ಎಂಟು ಬಿಟ್‌ಗಳನ್ನೂ ಬೇಡುವ ಎಕ್ಸ್‌ಮೋಡೆಮ್ ಮತ್ತು ಝಡ್‌ಮೋಡೆಮ್‌ಗಳು ಇಲ್ಲಿ ನಿಂತುಹೋಗುತ್ತವೆ. ಕರ್ಮಿಟ್‌ಗೆ ಪ್ಯಾರಿಟಿಯನ್ನು ತಿಳಿಸಿದರೆ ಅದು ಎಂಟನೆಯ ಬಿಟ್ 1 ಆಗಿರುವ ಪ್ರತಿ ಬೈಟ್‌ನ ಮುಂದೆ ಒಂದು ಗುರುತಿನ ಅಕ್ಷರವನ್ನು, ನಿಯಂತ್ರಣ ಅಕ್ಷರವಾದರೆ ಇನ್ನೊಂದು ಗುರುತನ್ನು ಸೇರಿಸಿ ಕಳುಹಿಸುತ್ತದೆ. ಕನ್ನಡದ ಬೆಲೆ ಇಲ್ಲಿ ತಿಳಿಯುತ್ತದೆ: ಯುಟಿಎಫ್-8ರಲ್ಲಿ ಮೂರು ಬೈಟ್‌ಗಳ 'ರ' ತಂತಿಯ ಮೇಲೆ ಆರು ಅಕ್ಷರಗಳಾಗುತ್ತದೆ; 'ಕ'ದ ಕೊನೆಯ ಬೈಟ್ ಎಂಟನೆಯ ಬಿಟ್ ತೆಗೆದಾಗ ನಿಯಂತ್ರಣ ಅಕ್ಷರವಾಗುವುದರಿಂದ ಅದಕ್ಕೆ ಏಳು ಬೇಕು. ಸಮಯ ಇಮ್ಮಡಿಗಿಂತ ಹೆಚ್ಚಾಗುತ್ತದೆ, ಆದರೆ ಕಡತ ಒಂದು ಬೈಟೂ ತಪ್ಪದೆ ತಲುಪುತ್ತದೆ. 1991ರ ಇಸ್ಕಿ ಸಂಕೇತದಲ್ಲಿಯೂ ಭಾರತೀಯ ಲಿಪಿಗಳ ಅಕ್ಷರಗಳು ಎಂಟನೆಯ ಬಿಟ್ ಇರುವ ಮೇಲಿನ ಅರ್ಧದಲ್ಲಿಯೇ ಇದ್ದವು. ಎಂಟನೆಯ ಬಿಟ್ ಸತತವಾಗಿ ಬರುವ ಇಂಥ ಪಠ್ಯಗಳಿಗಾಗಿ ಕರ್ಮಿಟ್‌ಗೆ ನಂತರ ಸೇರಿದ, ಇಡೀ ಸರಣಿಗೆ ಒಮ್ಮೆ ಮಾತ್ರ ಗುರುತು ಹಾಕುವ ಲಾಕಿಂಗ್ ಶಿಫ್ಟ್ ಸೌಲಭ್ಯ ಈ ಹೊರೆಯನ್ನು ಬಹಳ ಇಳಿಸುತ್ತದೆ. ನಮ್ಮ ಭಾಷೆಯ ಕಡತ ಹಾಳಾಗದೆ ಎಲ್ಲ ಬಗೆಯ ಮಾರ್ಗದಲ್ಲಿಯೂ ಹಾದುಹೋಗಬಲ್ಲದೆಂಬ ಒಂದೇ ಕಾರಣಕ್ಕೆ ನಾನು ಕರ್ಮಿಟ್‌ಗೆ ಮೊದಲ ಸ್ಥಾನ ಕೊಡುತ್ತೇನೆ.

ಇದರ ಜೊತೆಗೆ ಎಂಟು ಬಿಟ್‌ಗಳ ಮಾರ್ಗದಲ್ಲಿಯೇ ತಂತ್ರಾಂಶದ ಹರಿವು ನಿಯಂತ್ರಣವನ್ನು ಚಾಲನೆಯಲ್ಲಿಟ್ಟು ಎರಡನೆಯ ಕಡತವನ್ನು ಇನ್ನೊಮ್ಮೆ ಕಳುಹಿಸಬೇಕು. ಆಗ 17 ಮತ್ತು 19 ಎಂಬ ಬೈಟ್ ಮೌಲ್ಯಗಳನ್ನು ಮಾರ್ಗವೇ ಆರಂಭ ಮತ್ತು ತಡೆಯ ಸಂಜ್ಞೆಗಳೆಂದು ತಿಳಿದು ನುಂಗುವುದರಿಂದ ಎಕ್ಸ್‌ಮೋಡೆಮ್ ಸಿಕ್ಕಿಕೊಳ್ಳುತ್ತದೆ. ಅವುಗಳನ್ನು ಮರೆಮಾಚಿ ಕಳುಹಿಸುವ ಝಡ್‌ಮೋಡೆಮ್ ಮತ್ತು ಕರ್ಮಿಟ್ ದಾಟುತ್ತವೆ.

ಸಂಪರ್ಕ ಕಡಿದಾಗ

ನಗರದ ಹಳೆಯ ಫೋನ್ ಸಾಲುಗಳಲ್ಲಿ ಸಂಪರ್ಕ ನಡುವೆ ಕಡಿಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಬಳಕೆದಾರನಿಗೆ ವೇಗಕ್ಕಿಂತ ಮುಖ್ಯವಾದದ್ದು, ಅರ್ಧ ಬಂದ ಕಡತದ ಗತಿ ಏನು ಎಂಬ ಪ್ರಶ್ನೆ. ಸಾಗಣೆಯ ನಡುವೆ ಕೇಬಲ್ ಕಿತ್ತು ಮತ್ತೆ ಜೋಡಿಸಿ ಇದನ್ನು ಪರೀಕ್ಷಿಸಬಹುದು. ಝಡ್‌ಮೋಡೆಮ್ ನಿಂತ ಸ್ಥಾನದಿಂದ ಮುಂದುವರಿಯಬಲ್ಲದು. ಎಕ್ಸ್‌ಮೋಡೆಮ್‌ನಲ್ಲಿ ಮೊದಲಿನಿಂದ ಆರಂಭಿಸಬೇಕು. ಗದ್ದಲದ ಪರೀಕ್ಷೆಗೆ ಮಾತ್ರ ಜಾಲದ ಮೂಲಕ ಜೋಡಿಸಿದ ಡಾಸ್‌ಬಾಕ್ಸ್ ಒದಗುವುದಿಲ್ಲ, ಏಕೆಂದರೆ ಜಾಲದ ಟಿಸಿಪಿ ನಿಯಮಾವಳಿ ಬೈಟ್‌ಗಳನ್ನು ಕೆಡದಂತೆ ಕಾಯುತ್ತದೆ. ನಡುವೆ ಕುಳಿತು ಆಗಾಗ ಒಂದು ಬೈಟ್ ಬದಲಿಸುವ ಚಿಕ್ಕ ಪ್ರೋಗ್ರಾಂ ಬರೆದುಕೊಂಡರೆ ಪ್ರತಿ ತಂತ್ರಾಂಶಕ್ಕೂ ಒಂದೇ ಪ್ರಮಾಣದ ಗದ್ದಲ ಸಿಗುತ್ತದೆ.

ಡಯಲಿಂಗ್ ಮತ್ತು ಸ್ಕ್ರಿಪ್ಟ್‌ಗಳು

ಡಯಲಿಂಗ್ ಪಟ್ಟಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಪ್ರೊಕಾಮ್‌ನದು ಕಲಿಯಲು ಅತಿ ಸುಲಭ. ನೋಡಬೇಕಾದ ಅಂಶವೆಂದರೆ ಮೋಡೆಮ್‌ಗೆ ಕಳುಹಿಸುವ ಆಜ್ಞೆಯನ್ನು ಎಟಿಡಿಟಿಯಿಂದ (ಸ್ವರದ ಡಯಲಿಂಗ್) ಎಟಿಡಿಪಿಗೆ (ಸ್ಪಂದದ ಡಯಲಿಂಗ್) ಬದಲಿಸಲು ಅವಕಾಶವಿದೆಯೇ ಎಂಬುದು. ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆ ತಯಾರಿಸುತ್ತಿದ್ದ ಸ್ಟ್ರೌಜರ್ ಎಂಬ ಹಳೆಯ ಬಗೆಯ ದೂರವಾಣಿ ವಿನಿಮಯ ಕೇಂದ್ರಗಳಿಗೆ ಸ್ವರದ ಡಯಲಿಂಗ್ ಅರ್ಥವಾಗುತ್ತಿರಲಿಲ್ಲ, ಅವು ಸ್ಪಂದಗಳನ್ನು ಮಾತ್ರ ಎಣಿಸುತ್ತಿದ್ದವು.

ಸ್ಕ್ರಿಪ್ಟ್‌ಗಳನ್ನು (ತಂತ್ರಾಂಶ ತಾನಾಗಿ ನಡೆಸುವ ಆಜ್ಞೆಗಳ ಕಡತಗಳನ್ನು) ಹೋಲಿಸಲು ಒಂದೇ ಕೆಲಸವನ್ನು ಎಲ್ಲದರಲ್ಲಿಯೂ ಬರೆದು ನೋಡಬೇಕು: ಡಯಲ್ ಮಾಡುವುದು, ಸಾಲು ಕಾರ್ಯನಿರತವಾಗಿದ್ದರೆ ಮತ್ತೆ ಯತ್ನಿಸುವುದು, ಲಾಗಿನ್ ಸಾಲಿಗಾಗಿ ಕಾಯುವುದು, ಒಳಹೊಕ್ಕು ಒಂದು ಕಡತ ತರಿಸಿಕೊಂಡು ಫೋನ್ ಇಡುವುದು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭಿಸಿದ ನಂತರ ಪಠ್ಯ ಮಾತ್ರದ ಶೆಲ್ ಖಾತೆ (ದೂರದ ಗಣಕಕ್ಕೆ ಆಜ್ಞೆಗಳನ್ನು ಟೈಪ್ ಮಾಡಿ ಬಳಸುವ ಖಾತೆ) ಪಡೆದವರಿಗೆ ಬೇಕಾದದ್ದು ನಿಖರವಾಗಿ ಇದೇ ಕೆಲಸ. ಟೆಲಿಕ್ಸ್‌ನ ಸಾಲ್ಟ್ ಭಾಷೆ, ಸಿ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಪರಿಚಿತವೆನಿಸುತ್ತದೆ ಮತ್ತು ಮೂರರಲ್ಲಿ ಅತಿ ಶಕ್ತವಾದದ್ದು. ಪ್ರೊಕಾಮ್‌ನ ನಂತರದ ರೂಪವಾದ ಪ್ರೊಕಾಮ್ ಪ್ಲಸ್‌ನ ಆಸ್ಪೆಕ್ಟ್ ಭಾಷೆ ಓದಲು ಸುಲಭ. ಕರ್ಮಿಟ್‌ನಲ್ಲಿ ಕೈಯಿಂದ ಟೈಪ್ ಮಾಡುವ ಆಜ್ಞೆಗಳನ್ನೇ ಕಡತದಲ್ಲಿ ಬರೆಯುವುದರಿಂದ ಬೇರೆ ಭಾಷೆ ಕಲಿಯುವ ಅಗತ್ಯವಿಲ್ಲ, ಮತ್ತು ಆ ಸ್ಕ್ರಿಪ್ಟನ್ನು ಸ್ವಲ್ಪ ಬದಲಾವಣೆಯೊಡನೆ ಲಿನಕ್ಸ್‌ನ ಸಿ-ಕರ್ಮಿಟ್‌ನಲ್ಲಿಯೂ ಓಡಿಸಬಹುದು. ಇಂಥ ಸ್ಕ್ರಿಪ್ಟ್‌ಗಳಲ್ಲಿ ಪಾಸ್‌ವರ್ಡನ್ನು ನೇರವಾಗಿ ಬರೆದಿಡುವುದು ಆಗಿನ ವಾಡಿಕೆಯಾಗಿತ್ತು. ಆದ್ದರಿಂದ ಪರೀಕ್ಷೆಗೆ ಹಳೆಯ ಫ್ಲಾಪಿ ಅಥವಾ ಹಾರ್ಡ್ ಡಿಸ್ಕ್ ಕೊಂಡವರು ಅದರ ಮೇಲಿನ ಸ್ಕ್ರಿಪ್ಟ್ ಮತ್ತು ಡಯಲಿಂಗ್ ಪಟ್ಟಿಗಳನ್ನು ಅಳಿಸಿ, ತಂತ್ರಾಂಶದ ಕಡತಗಳನ್ನು ಮಾತ್ರ ಉಳಿಸಿಕೊಳ್ಳಬೇಕು.